ಬಟನ್ ಎಂಬ ನಾಯಿ

ನಾಯಿ ಮೂರನೆಯ ಮಹಡಿಗೆ ಹತ್ತಿ ಬರುತ್ತಿರುವುದು ಶೈಲಾಗೆ ಬಚ್ಚಲಮನೆಯೊಳಗಿಂದಲೇ ತಿಳಿಯಿತು. ದೇವಾನಂದ ಮಾಮಾನ ಚಪ್ಪಲಿಯ ಸದ್ದು ಅವಳಿಗೆ ಗೊತ್ತಿದ್ದದ್ದೇ. ಅದರ ಹಿಂದೆ ಉಗುರುಗಳು ಫರಸಿಯ ನೆಲವನ್ನು ಗೀರುತ್ತ, ಒಮ್ಮೆ ಜಾರುತ್ತ, ಒಮ್ಮೆ ನಿಂತು ಯಾರದೋ ಬಾಗಿಲನ್ನು ಮೂಸುತ್ತ ಬರುತ್ತಿದ್ದವು. ಬ್ರಶ್ಶನ್ನು ಬಾಯಲ್ಲಿಟ್ಟುಕೊಂಡೇ ಅವಳು ಚಿಲಕವನ್ನು ಇನ್ನೊಮ್ಮೆ ಮುಟ್ಟಿ ನೋಡಿದಳು. ಸಂಜೆಯವರೆಗೆ ಇಲ್ಲೇ ಇದ್ದುಬಿಟ್ಟರೆ? ಹೊಟ್ಟೆ ಕೆಟ್ಟಿದೆ ಅಂದರೆ? ಆದರೆ ಹೊಟ್ಟೆ ಕೆಟ್ಟ ಹುಡುಗಿಯನ್ನು ಡೆನ್ಮಾರ್ಕಿಗೆ ಯಾರು ಕಳಿಸುತ್ತಾರೆ? ಕನ್ನಡಿಯಲ್ಲಿ ಕಣ್ಣು ಅಗಲಿಸಿಕೊಂಡು ಬಾಯಿತುಂಬ ಬಿಳಿ ನೊರೆ ಸುರಿಸುತ್ತಿದ್ದ ತನ್ನನ್ನು ನೋಡಿ, ಹುಚ್ಚುನಾಯಿಯೂ ಹೀಗೇ ಕಾಣುತ್ತದಲ್ಲ ಅನಿಸಿ, ತಟ್ಟನೆ ಉಗುಳಿದಳು. ಹೊರಗೆ ಅಪ್ಪ ಮದುವೆಮನೆಯ ಬೀಗರನ್ನು ಕರೆಯುವ ದನಿಯಲ್ಲಿ ‘ಬರ್ರಿ, ಬರ್ರಿ’ ಅನ್ನುತ್ತಿದ್ದ. ಮಾಮಾನಿಗೆ ಅಂದದ್ದೋ ನಾಯಿಗೆ ಅಂದದ್ದೋ ತಿಳಿಯಲಿಲ್ಲ.

ಈ ನಾಯಿ ಹುಟ್ಟಿದ್ದು ಅವಳ ಬಾಯಿಯಿಂದಲೇ, ಪುಣೆಯ ಡೆಕ್ಕನ್ ಕಡೆಯ ಒಂದು ಹೊಟೇಲಿನ ತಣ್ಣನೆಯ ಸಭಾಂಗಣದಲ್ಲಿ. ಹೈಸ್ಕೂಲು ಮಕ್ಕಳನ್ನು ಒಂದು ವರ್ಷ ಪರದೇಶದ ಯಾವುದೋ ಕುಟುಂಬದಲ್ಲಿ ಇರಿಸಿ ಅಲ್ಲಿಯ ಶಾಲೆಯಲ್ಲಿ ಓದಿಸುವ ಸಂಸ್ಥೆಯೊಂದರ ಸಂದರ್ಶನ ಅದು. ಕಾರಿಡಾರಿನಲ್ಲಿ ಪಕ್ಕಕ್ಕೆ ಕೂತಿದ್ದ ಕಾನ್ವೆಂಟಿನ ಹುಡುಗಿ, ತಮ್ಮ ಮನೆಯ ಎರಡು ನಾಯಿಗಳು ಸೋಫಾದ ಮೇಲೆ ಮಲಗುವ, ಹುಟ್ಟುಹಬ್ಬಕ್ಕೆ ಕೇಕು ತಿನ್ನುವ ಸಂಗತಿಯನ್ನು ಇಂಗ್ಲಿಷಿನಲ್ಲಿ ಎಷ್ಟು ಸಲೀಸಾಗಿ ಹೇಳಿದಳೆಂದರೆ, ಪರದೇಶಕ್ಕೆ ಹೋಗಲು ಪಾಸ್‌ಪೋರ್ಟಿಗಿಂತ ಮೊದಲು ನಾಯಿ ಬೇಕು ಎಂದು ಶೈಲಾಗೆ ಖಾತ್ರಿಯಾಯಿತು. ಒಳಗೆ ಮೇಜಿನಾಚೆ ಮೂವರು. ನಡುವೆ ಗಂಜಿ ಹಾಕಿದ ಕಾಟನ್ ಸೀರೆಯ ಇಂದೂ ಮೇಡಂ. ‘ನೀನು ಇರುವ ಮನೆಯಲ್ಲಿ ನಾಯಿ ಇದ್ದರೆ ಏನು ಮಾಡುತ್ತಿ?’ ಎಂದು ಅವರು ಕೇಳಿದಾಗ ಶೈಲಾಗೆ ಗಲ್ಲಿಯ ಬಾಯಲ್ಲಿ ಮಲಗಿರುತ್ತಿದ್ದ ಮುದಿ ನಾಯಿ ಕಣ್ಣಿಗೆ ಬಂತು. ಎದ್ದು ನಿಲ್ಲುವುದಕ್ಕೂ ತ್ರಾಣವಿಲ್ಲದ ಆ ಪ್ರಾಣಿಗೆ ಹೆದರಿ ಐದನೆಯ ಇಯತ್ತೆಯಿಂದ ಅವಳು ಕೋರ್ಟಿನ ಹಿಂಭಾಗದಿಂದ ಸುತ್ತುಹಾಕಿ ಶಾಲೆಗೆ ಹೋಗುತ್ತಿದ್ದಳು. ‘ಐ ಲವ್ ಡಾಗ್ಸ್. ವಿ ಹ್ಯಾವ್ ಒನ್’ ಅಂದಳು. ಹೆಸರೇನು? ತಲೆ ಪೂರ್ತಿ ಖಾಲಿ. ತಲೆ ಖಾಲಿಯಾದಾಗೆಲ್ಲ ಅದರಲ್ಲಿ ರವಿವಾರ ಪೇಠೆಯ ಅಪ್ಪನ ಅಂಗಡಿ ಬಂದು ಕೂಡುತ್ತಿತ್ತು: ಲೇಸು, ಚೈನು, ಹುಕ್ಕು, ಗುಂಡಿ. ‘ಬಟನ್.’ ಮೂವರೂ ‘ಹೌ ಸ್ವೀಟ್!’ ಅಂದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಜೀವಮಾನದಲ್ಲಿ ಮೊದಲ ಸಲ ಅವಳ ಇಂಗ್ಲಿಷಿಗೆ ಯಾರೂ ನಕ್ಕಿರಲಿಲ್ಲ, ಅವಳ ಜೊತೆಗೆ ನಕ್ಕಿದ್ದರು. ನಾಯಿಗೆ ಕಂದು ಬಣ್ಣ ಬಂತು, ಜೋಲು ಕಿವಿ ಬಂತು, ಮನೆಗೆ ಬಂದವರಿಗೆ ಶೇಕ್‌ಹ್ಯಾಂಡ್ ಕೊಡುವ ಸಂಸ್ಕಾರವೂ ಬಂತು. ತಂದೆ ಏನು ಮಾಡುತ್ತಾರೆ? ‘ಫ್ಯಾಶನ್ ಇಂಡಸ್ಟ್ರಿ.’ ತಾಯಿ? ಆ ಹೊತ್ತಿಗೆ ಅವಳ ಸುಳ್ಳಿನ ಸರಕೆಲ್ಲ ತೀರಿಹೋಗಿತ್ತು. ‘ಮೈ ಮದರ್ ಈಸ್... ಸಿಂಪಲ್’ ಅಂದು ಎದ್ದು ಬಂದಿದ್ದಳು.

ಹೋದ ವಾರ ಫೋನು ಬಂದಾಗ ಎತ್ತಿದವನು ಅಪ್ಪ. ಶೈಲಾ ಹೆಚ್ಚುಕಡಿಮೆ ಆಯ್ಕೆಯಾದ ಹಾಗೇ, ಇನ್ನು ಮನೆ ನೋಡುವುದೊಂದು ಬಾಕಿ, ರವಿವಾರ ಸಂಜೆ ಬರುತ್ತೇನೆ, ಎಲ್ಲರನ್ನೂ ಭೇಟಿಯಾಗಬೇಕು, ಬಟನ್‌ನನ್ನೂ, ಎಂದು ಇಂದೂ ಮೇಡಂ ಮರಾಠಿಯಲ್ಲಿ ಹೇಳಿದ್ದರು. ಅಪ್ಪ ಫೋನಿಟ್ಟು, ‘ಗುಂಡಿ ಭೇಟಿ ಆಗಬೇಕಂತ. ಯಾವ ಗುಂಡಿ? ಶರ್ಟಿಂದೋ ಕೋಟಿಂದೋ?’ ಎಂದು ಕೇಳಿದ. ಶೈಲಾ ಅಳುತ್ತ ನಾಯಿಯ ಸಂಗತಿಯನ್ನು ಪೂರ್ತಿ, ಉಳಿದದ್ದನ್ನು ಅರ್ಧಂಬರ್ಧ ಹೇಳಿದಳು. ಹೇಳುತ್ತ ಕೆನ್ನೆಯನ್ನು ಏಟಿಗೆ ಸಿದ್ಧ ಮಾಡಿ ಹಿಡಿದಿದ್ದಳು. ಏಟು ಬರಲಿಲ್ಲ. ಅಪ್ಪ, ಅಂದರೆ ಶಿವಪ್ರಕಾಶ ಬೆಲ್ಲದ, ಗೋಡೆ ನೋಡುತ್ತ ಸ್ವಲ್ಪ ಹೊತ್ತು ಲೆಕ್ಕ ಹಾಕಿದವನಂತೆ ಕೂತು, ‘ಗಿರಾಕಿ ಕೇಳಿದ್ದು ನಮ್ಮಲ್ಲಿ ಇಲ್ಲಂದ್ರ ಇಲ್ಲ ಅಂತೀವೇನು? ಕೂಡ್ರಿ, ಚಾ ಕುಡೀರಿ ಅಂತ ಕೂಡಿಸಿ ಬಾಜೂ ಅಂಗಡಿಯಿಂದ ತರಸ್ತೀವಿ’ ಅಂದ. ಆ ರಾತ್ರಿಯೇ ಅವ್ವನ ತಮ್ಮ ದೇವಾನಂದನಿಗೆ ಫೋನು ಹೋಯಿತು. ಅವನು ತಳೇಗಾಂವದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ; ಅಲ್ಲಿಯ ಅವನ ಮನೆಮಾಲಿಕನ ಹತ್ತಿರ ಒಂದು ನಾಯಿಯಿತ್ತು. ಹೊಡೆದಿದ್ದರೆ ಮುಗಿದುಹೋಗುತ್ತಿತ್ತು ಎಂದು ಶೈಲಾ ವಾರವೆಲ್ಲ ಅಂದುಕೊಂಡಳು. ಅಪ್ಪ ಅವಳ ಸುಳ್ಳನ್ನು ಕಸಿದುಕೊಂಡು ತನ್ನ ಅಂಗಡಿಯ ಮಾಲಾಗಿ ಮಾಡಿಕೊಂಡಿದ್ದ. ಈಗ ಅದಕ್ಕಾಗಿ ನಾಚಿಕೆಪಡುವ ಹಕ್ಕೂ ತನಗೆ ಉಳಿದಿಲ್ಲ ಅನಿಸುತ್ತಿತ್ತು.

ಬಚ್ಚಲಿನಿಂದ ಹೊರಗೆ ಬಂದಾಗ ನಾಯಿ ಹೊರಗಿನ ಕೋಣೆಯ ನಟ್ಟನಡುವೆ ಕೂತಿತ್ತು. ಕರುವಿನಷ್ಟು ಎತ್ತರ. ಇದ್ದಲಿನಂಥ ಕಪ್ಪು. ಮನೆಯ ನಾಲ್ಕು ಜನ ನಾಲ್ಕು ಗೋಡೆಗೆ ಅಂಟಿಕೊಂಡಿದ್ದರಿಂದ, ಅದೇ ಮನೆಯ ಯಜಮಾನ, ಉಳಿದವರೆಲ್ಲ ಕೆಲಸ ಕೇಳಲು ಬಂದವರು ಎಂಬಂತೆ ಕಾಣುತ್ತಿತ್ತು.

‘ಕಂದು ಅಂದಿದ್ನಲ್ಲೋ ಮಾರಾಯಾ’ ಅಂದ ಅಪ್ಪ.

‘ಒಂದು ಕಿವಿ ಕಂದು ಅದ ನೋಡ್ರಿ ಭಾವಾ, ಬೆಳಕಿಗೆ ಹಿಡಿದರ ಕಾಣಸ್ತದ’ ಅಂದ ದೇವಾನಂದ ಮಾಮಾ. ಬೆಳಕಿಗೆ ಹಿಡಿಯಲು ಯಾರೂ ಮುಂದೆ ಬರಲಿಲ್ಲ. ‘ಹೆಸರು ಖಂಡ್ಯಾ. ಭಾಳ ಶಾಣ್ಯಾ ಅದ. ಬರೇ ಮರಾಠಿ ತಿಳೀತದ.’

‘ಮೆಹಂದಿ ಹಚ್ಚಿದರ?’ ಎಂದಳು ಅಜ್ಜಿ ರಂಗೂಬಾಯಿ. ಅವಳು ಮಂಚದ ಮೇಲೆ ಕಾಲು ಎತ್ತಿಕೊಂಡು, ಕೊರಳಲ್ಲಿದ್ದ ಲಿಂಗವನ್ನು ನಾಯಿ ಕಣ್ಣಿಂದಲೂ ಮುಟ್ಟಬಾರದೆಂದು ಸೆರಗಿನೊಳಗೆ ಸೇರಿಸಿದ್ದಳು. ಅಪ್ಪ ಅದನ್ನು ನಿಜವಾಗಿಯೂ ಯೋಚಿಸುತ್ತಿದ್ದಾನೆಂಬುದು ಶೈಲಾಗೆ ಅವನ ಹುಬ್ಬಿನಿಂದ ತಿಳಿಯಿತು.

ಅವ್ವ ಶಿವಕಾಂತಾ ಮಾತ್ರ ಮಾತಾಡದೆ ಅಡಿಗೆಮನೆಗೆ ಹೋದಳು. ಬರುವ ಮೇಡಮ್ಮಿಗಾಗಿ ಅವಳು ಶೇಂಗಾ ಹೋಳಿಗೆ ಮಾಡುತ್ತಿದ್ದಳು. ನಾಯಿಯಿಂದ ದೂರವಿರಲು ಶೈಲಾ ಅವಳ ಹಿಂದೆಯೇ ಹೋಗಿ ಕಟ್ಟೆಗೆ ಒರಗಿ ನಿಂತಳು. ಅವ್ವ ಲಟ್ಟಣಿಗೆಯಿಂದ ಕಣ್ಣೆತ್ತಲಿಲ್ಲ. ‘ನಾಯಿ ಬಗ್ಗೆ ಅಷ್ಟು ಹೇಳಿದಿ. ಅಪ್ಪನ ಬಗ್ಗೆ ಏನೋ ದೊಡ್ಡದು ಹೇಳಿದಿ ಅಂತ. ನನ್ನ ಬಗ್ಗೆ ಏನ್ ಹೇಳಿದಿ?’ ಸಾದಾ ದನಿಯಲ್ಲೇ ಕೇಳಿದಳು, ಉಪ್ಪು ಹಾಕಿದ್ದೇನೆಯೋ ಇಲ್ಲವೋ ಎಂದು ಕೇಳುವ ಹಾಗೆ. ಸಿಂಪಲ್ ಎಂಬ ಶಬ್ದವನ್ನು ಕನ್ನಡದಲ್ಲಿ ಹೇಗೆ ಹೇಳಬೇಕು? ಸರಳ? ಸಾದಾ? ಯಾವುದನ್ನು ಹೇಳಿದರೂ ಹೋಳಿಗೆಯ ಹಿಟ್ಟಿನ ಮುಂದೆ ನಿಂತ ಈ ಹೆಂಗಸಿಗೆ ಹೊಂದುತ್ತಿರಲಿಲ್ಲ. ನಾಯಿಗೆ ಕಿವಿ, ಬಣ್ಣ, ಶೇಕ್‌ಹ್ಯಾಂಡ್ ಎಲ್ಲ ಕೊಟ್ಟವಳಿಗೆ ಅವ್ವನ ಬಗ್ಗೆ ಎರಡನೆಯ ಶಬ್ದ ಹೊಳೆದಿರಲಿಲ್ಲ. ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಶಾಲೆಯ ಪಾಲಕರ ಸಭೆಗೆ ಅವ್ವ ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಅವ್ವನ ಮರಾಠಿ ಕೇಳಿ ಟೀಚರ್ ನಗಬಹುದೆಂದು ಶೈಲಾ ಎಲ್ಲ ಪ್ರಶ್ನೆಗೂ ತಾನೇ ಉತ್ತರ ಕೊಟ್ಟಿದ್ದಳು. ದಾರಿಯಲ್ಲಿ ಅವ್ವ, ‘ಛಲೋ ಮಾತಾಡಿದಿ’ ಅಂದಿದ್ದಳು, ಅಷ್ಟೇ. ‘ಛಲೋ ಹೇಳೀನಿ’ ಎಂದಳು ಈಗ ಶೈಲಾ. ‘ಹೂಂ’ ಅಂದಳು ಅವ್ವ, ಹೋಳಿಗೆಯನ್ನು ಹಂಚಿಗೆ ಹಾಕುತ್ತ.

ಮಧ್ಯಾಹ್ನವೆಲ್ಲ ತಾಲೀಮು ನಡೆಯಿತು. ಅಪ್ಪ ಒಂದು ಕುರ್ಚಿಯ ಮೇಲೆ ಇಂದೂ ಮೇಡಂ ಆಗಿ ಕೂತು ಕೈ ಚಾಚುವುದು, ಮಾಮಾ ನಾಯಿಯ ಮುಂಗಾಲನ್ನು ಎತ್ತಿ ಅದರಲ್ಲಿ ಇಡುವುದು. ಎತ್ತಿದಾಗ ಕೊಡುತ್ತಿತ್ತು, ಬಿಟ್ಟಾಗ ಕಾಲು ಇಳಿಸಿ ಬೇರೆಲ್ಲೋ ನೋಡುತ್ತಿತ್ತು. ‘ಬಟನ್’ ಎಂದು ಮೂವರೂ ಸರದಿಯ ಮೇಲೆ ಕೂಗಿದರು. ಬಟನ್ ಅಲುಗಲಿಲ್ಲ. ಶೈಲಾ ತಾನು ಮಾಡಬೇಕಾದ ಕೆಲಸವನ್ನು, ಅಂದರೆ ಅದರ ತಲೆ ನೇವರಿಸುವುದನ್ನು, ಮೊದಲು ದಿಂಬಿನ ಮೇಲೆ ಮಾಡಿದಳು, ಆಮೇಲೆ ಅಪ್ಪನ ತಲೆಯ ಮೇಲೆ. ‘ನಾಯಿ ಮ್ಯಾಲ ಮಾಡವಾ’ ಎಂದು ಅಪ್ಪ ಬೇಡಿಕೊಂಡ. ಒಮ್ಮೆ ತೋರುಬೆರಳಿನ ತುದಿಯಿಂದ ಬಾಲದ ಕಡೆಯ ಕೂದಲು ಮುಟ್ಟಿ ಬಂದಳು. ಅಷ್ಟಕ್ಕೇ ಮನೆಮಂದಿ ಚಪ್ಪಾಳೆ ತಟ್ಟಿದರು. ಡೆನ್ಮಾರ್ಕು ಅಂದರೆ ಏನೆಂದು ಅವಳಿಗೆ ಆ ಗಳಿಗೆಯಲ್ಲಿ ಸುತರಾಂ ನೆನಪಾಗಲಿಲ್ಲ. ಎಲ್ಲರೂ ದಣಿದು ಒರಗಿದಾಗ ಅಜ್ಜಿ, ಯಾರೂ ನೋಡುತ್ತಿಲ್ಲವೆಂದು ತಿಳಿದು, ಮಂಚದ ಮೇಲಿಂದಲೇ ತನ್ನ ತಾಟಿನ ರೊಟ್ಟಿಯ ಚೂರುಗಳನ್ನು ಒಂದೊಂದಾಗಿ ಎಸೆಯುತ್ತಿದ್ದುದನ್ನು ಶೈಲಾ ನೋಡಿದಳು. ‘ತಿನ್ನು ಮೂಳಾ, ನಿನಗೂ ಹೊಟ್ಟಿ ಅದ’ ಎಂದು ಅಜ್ಜಿ ಬಯ್ಯುತ್ತಿದ್ದಳು.

ಇಂದೂ ಮೇಡಂ ಹೇಳಿದ ಹೊತ್ತಿಗೇ ಬಂದರು. ಜನ ಜಾಸ್ತಿಯಾದರೆ ಪ್ರಶ್ನೆ ಜಾಸ್ತಿಯಾಗುತ್ತವೆಂದು ಮಾಮಾನನ್ನು ಅಪ್ಪ ಆಗಲೇ ಕೆಳಗೆ ಪಾನಿನ ಅಂಗಡಿಗೆ ಅಟ್ಟಿದ್ದ. ಪರಿಚಯ ಮಾಡಿಸುವ ಕೆಲಸ ಶೈಲಾಗೆ ಬಂತು. ಗಡಿಬಿಡಿಯಲ್ಲಿ ಅಜ್ಜಿಯನ್ನು ತೋರಿಸಿ ಮರಾಠಿಯಲ್ಲಿ ‘ಇವರು ನಮ್ಮ ಆಯಿ’ ಅಂದುಬಿಟ್ಟಳು. ಮನೆಯಲ್ಲಿ ಅಜ್ಜಿಗೆ ಆಯಿ ಅನ್ನುವುದು ರೂಢಿ. ಮರಾಠಿಯಲ್ಲಿ ಆಯಿ ಅಂದರೆ ತಾಯಿ. ಎಪ್ಪತ್ತೈದು ದಾಟಿದ ರಂಗೂಬಾಯಿಯನ್ನೂ ಹದಿನಾರರ ಶೈಲಾಳನ್ನೂ ಮೇಡಂ ಸೌಜನ್ಯದಿಂದ ತೂಗಿ ನೋಡಿದರು. ‘ಹಾಗಾದರೆ ಇವರು?’ ಎಂದು ನೀರು ತಂದ ಅವ್ವನ ಕಡೆ ನೋಡಿದರು. ‘ಇವರು ಅವ್ವ’ ಅಂದಳು ಶೈಲಾ. ಅವ್ವ ಅಂದರೆ ಯಾರೆಂದು ಮೇಡಮ್ಮಿಗೆ ತಕ್ಷಣ ತಿಳಿಯಲಿಲ್ಲ. ಅವ್ವ ತಾಮ್ರದ ತಂಬಿಗೆ ಇಟ್ಟು, ಅಡಿಗೆಮನೆಯ ಬಾಗಿಲಿಗೆ ಆತು ನಿಂತಳು.

‘ನೀವು ಫ್ಯಾಶನ್ ಇಂಡಸ್ಟ್ರಿಯಲ್ಲಿದ್ದೀರಂತೆ’ ಎಂದರು ಮೇಡಂ ಅಪ್ಪನಿಗೆ.

ಶೈಲಾಗೆ ನೆಲ ಬಿರಿಯಬಾರದೇ ಅನಿಸಿತು. ಆದರೆ ಅಪ್ಪ ಒಂದು ಕ್ಷಣವಷ್ಟೇ ತಡವರಿಸಿದ. ‘ಹೌದು, ಫ್ಯಾಶನ್ ಪೂರಾ ನಮ್ಮ ಮೇಲೇ ನಿಂತಿದೆ’ ಎಂದ ತನ್ನ ಪೇಠೆಯ ಮರಾಠಿಯಲ್ಲಿ. ‘ಎಂಥಾ ಭಾರೀ ಪ್ಯಾಂಟೇ ಇರಲಿ, ಗುಂಡಿ ಇಲ್ಲದಿದ್ದರೆ ಏನಾಗುತ್ತದೆ ನೀವೇ ಹೇಳಿ.’ ಮೇಡಂ ನೀರು ಕುಡಿಯುತ್ತಿದ್ದವರು ಕೆಮ್ಮಿದರು.

‘ಬಟನ್ ಎಲ್ಲಿ?’

ಅಪ್ಪ ನಾಯಿಯನ್ನು ಕೂಡಿಹಾಕಿದ್ದ ಗ್ಯಾಲರಿಯ ಬಾಗಿಲು ತೆರೆದ. ನಾಯಿ ತಾನಾಗಿಯೇ ಒಳಗೆ ಬಂದು, ಮೇಡಮ್ಮಿನ ಎದುರಿಗಿದ್ದ ಹೋಳಿಗೆಯ ತಾಟನ್ನು ದಾಟಿ, ಶೈಲಾಳ ಮುಂದೆ ನಿಂತಿತು. ‘ಇದು ಕಂದು ಅಲ್ಲವಲ್ಲ’ ಎಂದರು ಮೇಡಂ. ‘ಚಳಿಗಾಲದಲ್ಲಿ ಕಪ್ಪಾಗುತ್ತದೆ’ ಎಂದ ಅಪ್ಪ. ಆಗ ಮೇ ತಿಂಗಳು. ‘ಶೇಕ್‌ಹ್ಯಾಂಡ್ ಮಾಡಿಸು, ಶೈಲಾ’ ಎಂದರು ಮೇಡಂ. ಅವಳು ಕಣ್ಣು ಮುಚ್ಚಿ ಕೈ ಚಾಚಿದಳು. ಆ ಕೈಯಿಂದಲೇ ಈಗಷ್ಟೇ ಹೋಳಿಗೆಗೆ ತುಪ್ಪ ಸವರಿದ್ದಳು. ಖಂಡ್ಯಾ ಮೂಸಿತು, ಯೋಚಿಸಿತು, ಆಮೇಲೆ ಬಾಯಿ ತೆರೆದು ಅವಳ ಇಡೀ ಅಂಗೈಯನ್ನು ಮಣಿಕಟ್ಟಿನವರೆಗೆ ಒಳಗೆ ತೆಗೆದುಕೊಂಡು ಬಾಯಿ ಮುಚ್ಚಿತು.

ಕಚ್ಚಲಿಲ್ಲ. ಸುಮ್ಮನೆ ಇಟ್ಟುಕೊಂಡಿತು, ಕಿಸೆಯಲ್ಲಿ ಇಟ್ಟುಕೊಂಡ ಹಾಗೆ. ಒಳಗೆ ಬಿಸಿ, ಒದ್ದೆ. ನಾಲಿಗೆ ಬೆರಳುಗಳ ಸಂದಿಯಲ್ಲಿ ನಿಧಾನವಾಗಿ ತುಪ್ಪ ಹುಡುಕುತ್ತಿತ್ತು. ಶೈಲಾಳ ಕಿವಿಯಲ್ಲಿ ಗುಯ್ಯೆನ್ನುವ ಸದ್ದೊಂದೇ ಉಳಿಯಿತು. ದೂರದಿಂದ ಮೇಡಂ ಇಂಗ್ಲಿಷಿನಲ್ಲಿ ಏನೋ ಕೇಳುತ್ತಿದ್ದರು: ಪರದೇಶಕ್ಕೆ ಯಾಕೆ ಹೋಗಬೇಕೆನಿಸಿದೆ? ಇದಕ್ಕೆ ಅವಳು ಉತ್ತರ ಬಾಯಿಪಾಠ ಮಾಡಿದ್ದಳು. ‘ಟು ಲರ್ನ್... ನ್ಯೂ ಕಲ್ಚರ್...’ ಎಂದಳು. ನಾಯಿಯ ಒಂದು ಹಲ್ಲು ಹೆಬ್ಬೆರಳಿನ ಬುಡದಲ್ಲಿ ಮೆಲ್ಲಗೆ ಕೂತಿತ್ತು. ‘ಆಂಡ್ ಟು ಶೇರ್ ಅವರ್...’ ಅವರ್ ಏನು? ಶೇರ್ ಮಾಡಲು ಸದ್ಯಕ್ಕೆ ಇದ್ದದ್ದು ಒಂದು ಕೈ, ಅದೂ ಶೇರ್ ಆಗಿಹೋಗಿತ್ತು. ಹೀಗೆ ಕೈಯನ್ನು ಇನ್ನೊಬ್ಬರ ಬಾಯಲ್ಲಿಟ್ಟು ಸುಳ್ಳು ಹೇಳುವುದು ಆಗದ ಮಾತು ಎಂದು ಅವಳಿಗೆ ಅರಿವಾಯಿತು. ಇಂಗ್ಲಿಷ್ ಮುಗಿದುಹೋಯಿತು, ಮರಾಠಿ ಬರಲಿಲ್ಲ. ಅವಳು ಕನ್ನಡದಲ್ಲಿ ಅಳತೊಡಗಿದಳು. ‘ಇದು ನಮ್ಮ ನಾಯಿ ಅಲ್ರಿ. ಮುಂಜಾನಿ ಬಂದದ. ನನಗ ನಾಯಿ ಅಂದ್ರ ಜೀವಾ ಹೋಗ್ತದ. ಆ ಹುಡುಗಿ ಮನ್ಯಾಗ ಎರಡು ಅದಾವ ಅಂದ್ಲು, ಅದಕ್ಕ ನಾನೂ ಅಂದೆ.’

ಮೇಡಂ ಅಪ್ಪನ ಕಡೆ ತಿರುಗಿದರು. ‘ಏನು ಹೇಳುತ್ತಿದ್ದಾಳೆ?’

‘ಬಟನ್‌ನನ್ನು ಬಿಟ್ಟು ಹೋಗುವುದು ಭಾಳ ಕಷ್ಟ ಅನ್ನುತ್ತಿದ್ದಾಳೆ’ ಎಂದು ಅಪ್ಪ ಮರಾಠಿಯಲ್ಲಿ ಹೇಳಿದ. ‘ಪ್ರಾಣಕ್ಕೆ ಪ್ರಾಣ.’

‘ಅಪ್ಪಾ!’ ಎಂದು ಶೈಲಾ ಚೀರಿದಳು. ನಂತರ ಅದನ್ನೆಲ್ಲ ಮರಾಠಿಯಲ್ಲಿ ಮೊದಲಿನಿಂದ ಹೇಳಬೇಕಾಯಿತು. ಎರಡನೆಯ ಸಲ ಹೇಳುವಾಗ ಮೊದಲಿನ ಸಲದ ಕಣ್ಣೀರಿನ ನೆರವೂ ಇರಲಿಲ್ಲ. ಒಣ ಮಾತಿನಲ್ಲಿ, ವ್ಯಾಕರಣ ನೋಡಿಕೊಂಡು, ತಾನು ಸುಳ್ಳುಗಾತಿ ಎಂದು ಸಾಬೀತು ಮಾಡಿದಳು. ಹೇಳಿ ಮುಗಿದ ಮೇಲೂ ಕೈ ನಾಯಿಯ ಬಾಯಲ್ಲೇ ಇತ್ತು.

‘ಆಗಲೇ ಗೊತ್ತಾಗಿತ್ತು’ ಎಂದರು ಇಂದೂ ಮೇಡಂ. ‘ಮನೆಯ ನಾಯಿಗೆ ಯಾರೂ ಕಣ್ಣು ಮುಚ್ಚಿ ಕೈ ಕೊಡುವುದಿಲ್ಲ. ಮೊದಲು ಅದಕ್ಕೆ ಕೈ ಬಿಡಲು ಹೇಳಿ.’

ಏನು ಹೇಳಿದರೆ ಬಿಡುತ್ತದೆಂಬುದು ಯಾರಿಗೂ ಗೊತ್ತಿರಲಿಲ್ಲ. ಅಪ್ಪ ‘ಸೋಡ್, ಸೋಡ್’ ಎಂದು ಮರಾಠಿಯಲ್ಲಿ ಬೇಡಿದ. ಮೇಡಂ ಶುದ್ಧ ಪುಣೇರಿ ಮರಾಠಿಯಲ್ಲಿ ಆಜ್ಞೆ ಮಾಡಿದರು. ಖಂಡ್ಯಾ ಇಬ್ಬರನ್ನೂ ಕರುಣೆಯಿಂದ ನೋಡಿತು. ಆಗ ಮಂಚದ ಮೇಲಿಂದ ರಂಗೂಬಾಯಿ, ‘ಬಿಡೋ ಮೂಳಾ, ಕೂಸಿನ ಕೈ ಅದು’ ಎಂದು ಗದರಿದಳು. ನಾಯಿ ತಟ್ಟನೆ ಬಾಯಿ ಬಿಟ್ಟು, ಹೋಗಿ ಮಂಚದ ಕೆಳಗೆ ಮಲಗಿತು.

ಶೈಲಾ ಜೊಲ್ಲು ಸುರಿಯುವ ಕೈಯನ್ನು ತನ್ನದಲ್ಲವೆಂಬಂತೆ ದೂರ ಹಿಡಿದು ನಿಂತಳು. ಇಂದೂ ಮೇಡಂ ಯಾರನ್ನೂ ಬಯ್ಯಲಿಲ್ಲ. ಒಂದು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡು, ಪೂರ್ತಿ ತಿಂದು, ಮೊದಲ ಬಾರಿಗೆ ಅಡಿಗೆಮನೆಯ ಬಾಗಿಲ ಕಡೆ ತಿರುಗಿದರು. ‘ನೀವು ಏನೂ ಹೇಳಲಿಲ್ಲ. ಮಗಳನ್ನು ಒಂದು ವರ್ಷ ಕಳಿಸಲು ನಿಮಗೆ ಮನಸ್ಸಿದೆಯೋ?’

ಶೈಲಾ ಅಭ್ಯಾಸದಂತೆ ಉತ್ತರ ಕೊಡಲು ಬಾಯಿ ತೆರೆದಳು. ಅವ್ವ ಹಿಟ್ಟಿನ ಕೈಯನ್ನು ಸ್ವಲ್ಪ ಎತ್ತಿದಳು, ಅಷ್ಟೇ. ಶೈಲಾಳ ಬಾಯಿ ಮುಚ್ಚಿತು. ಅವ್ವ ತನ್ನ ಮರಾಠಿಯನ್ನು ಒಂದೊಂದೇ ಶಬ್ದವಾಗಿ ಆರಿಸಿ ಇಟ್ಟಳು. ‘ಹೋಗಲಿ. ಹೋಗಿ ಬರಲಿ. ಆದರೆ ಅಲ್ಲಿ ನಮ್ಮ ಮನೆಯ ಬಗ್ಗೆ ಕೇಳಿದರೆ ಇದ್ದದ್ದು ಹೇಳಲಿ. ಇವರು ಗುಂಡಿ ಮಾರುತ್ತಾರೆ. ನಾಯಿ ಇಲ್ಲ. ಅತ್ತೆಗೆ ಸಿಟ್ಟು ಜಾಸ್ತಿ.’ ಸ್ವಲ್ಪ ತಡೆದು, ‘ಸಂದರ್ಶನದಲ್ಲಿ ಇವಳು ನನ್ನ ಬಗ್ಗೆ ಏನು ಹೇಳಿದಳು?’ ಎಂದು ಕೇಳಿದಳು.

ಮೇಡಂ ಶೈಲಾಳನ್ನು ನೋಡಿ, ಸುಳ್ಳು ಹೇಳಲಾಗದೆ, ‘ಸಿಂಪಲ್ ಅಂದಳು’ ಎಂದರು.

ಅವ್ವ ಆ ಶಬ್ದವನ್ನು ಬಾಯಲ್ಲಿಟ್ಟು ರುಚಿ ನೋಡಿದಳು. ‘ಮೀ ಸಿಂಪಲ್ ನಾಹೀ’ ಅಂದಳು, ನಾನು ಸಿಂಪಲ್ ಅಲ್ಲ ಎಂದು. ಸಿಟ್ಟಿನಿಂದಲ್ಲ, ವಿಳಾಸ ತಪ್ಪಿ ಬಂದವರಿಗೆ ಇದು ಆ ಮನೆ ಅಲ್ಲ ಎಂದು ಹೇಳುವ ಹಾಗೆ. ಅಪ್ಪ ಮದುವೆಯಾದ ಇಷ್ಟು ವರ್ಷಕ್ಕೆ ಈಗ ಗೊತ್ತಾದವನಂತೆ ಹೆಂಡತಿಯನ್ನು ನೋಡಿದ. ಶೈಲಾಳ ಒದ್ದೆ ಕೈ ಗಾಳಿಗೆ ತಣ್ಣಗಾಗುತ್ತಿತ್ತು. ಅವ್ವನ ಹತ್ತಿರ ಹೋಗಬೇಕೆನಿಸಿತು. ಹೋಗಿ ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತಳು. ಅವ್ವನೇ ಸೆರಗಿನ ತುದಿಯನ್ನು ಚಾಚಿ, ‘ಒರಸ್ಕೋ’ ಅಂದಳು.

ಮೇಡಂ ಆಯ್ಕೆಯ ಮಾತೆತ್ತದೆ ಹೋದರು, ಖಂಡ್ಯಾ ಮಾಮಾನ ಜೊತೆ ತಳೇಗಾಂವಕ್ಕೆ ಮರಳಿತು. ಆಮೇಲಿನ ದಿನಗಳಲ್ಲಿ ಯಾರೂ ಡೆನ್ಮಾರ್ಕಿನ ಹೆಸರೆತ್ತಲಿಲ್ಲ. ಶೈಲಾ ಅಡಿಗೆಮನೆಯಲ್ಲಿ ಕೂತು ಅವ್ವನನ್ನು ಏನೇನೋ ಕೇಳತೊಡಗಿದಳು. ಶಾಲೆ ಎಲ್ಲಿಯವರೆಗೆ ಓದಿದಿ? ಪುಣೆಗೆ ಬಂದ ಹೊಸದರಲ್ಲಿ ಹೆಂಗಿತ್ತು? ‘ಏನವಾ ಇದು, ನಿನ್ನ ಸಂದರ್ಶನ ಮುಗೀತಂತ ನನ್ನದು ಚಾಲೂ ಮಾಡಿಯೇನು?’ ಎಂದು ಅವ್ವ ಬಯ್ಯುತ್ತಲೇ ಹೇಳುತ್ತಿದ್ದಳು. ಬಂದ ಮೊದಲ ವಾರ ಮರಾಠಿ ಬಾರದೆ ಬಾಜಾರಿನಲ್ಲಿ ಬದನೆಕಾಯಿ ಬೇಕೆಂದು ಬೆರಳಿನಿಂದ ತೋರಿಸಿ, ಮನೆಗೆ ಬೀಟ್‌ರೂಟು ತಂದಿದ್ದಳಂತೆ; ಅಜ್ಜಿಯ ಎದುರು ಅದನ್ನೇ ಎಣ್ಣೆಗಾಯಿ ಮಾಡಿ ಬಡಿಸಿದ್ದಳಂತೆ. ‘ಯಾರೂ ಏನೂ ಅನ್ನಲಿಲ್ಲ. ತಿಂದ್ರು.’

ಒಂದು ಸಂಜೆ ಫೋನು ಬಂತು. ಈ ಸಲ ಎತ್ತಿದವಳು ಶೈಲಾ. ಇಂದೂ ಮೇಡಂ ಪೀಠಿಕೆಯಿಲ್ಲದೆ ಶುರುಮಾಡಿದರು. ಮನೆ ಸಿಕ್ಕಿದೆ. ಗಂಡ, ಹೆಂಡತಿ, ಎರಡು ಸಣ್ಣ ಮಕ್ಕಳು. ಹಳ್ಳಿ. ಹುಡುಗಿಗೆ ನಾಯಿಯ ಹೆದರಿಕೆ ಇದೆಯೆಂದು ತಿಳಿಸಿದ್ದೆವು, ಅವರಲ್ಲಿ ನಾಯಿ ಇಲ್ಲ. ಮಾಂಸ ತಿನ್ನುವುದಿಲ್ಲವೆಂದೂ ತಿಳಿಸಿದ್ದೆವು, ಆಲೂಗಡ್ಡೆ ಬೇಕಾದಷ್ಟು ಇದೆಯಂತೆ. ‘ಆದರೆ ಒಂದು ಮಾತು. ಅವರದು ಹಂದಿ ಸಾಕುವ ಮನೆ. ನೂರಾರು ಹಂದಿ. ಸಂಜೆ ಮೇವು ಹಾಕಲು ಮನೆಯವರೆಲ್ಲ ಕೈಜೋಡಿಸುತ್ತಾರೆ. ನಿನಗೆ ಹಂದಿಯ ಹೆದರಿಕೆ ಇದೆಯೋ? ನೋಡು, ನಿಜ ಹೇಳು.’

ಚಹಾದ ಕಪ್ಪನ್ನು ಅರ್ಧಕ್ಕೆ ಹಿಡಿದು ಅಪ್ಪ ನೋಡುತ್ತಿದ್ದ. ಅವ್ವ ಬಾಗಿಲಿಗೆ ಬಂದಿದ್ದಳು. ಶೈಲಾಳ ಗಂಟಲಿಗೆ ‘ಐ ಲವ್’ ಎಂಬುದು ಸರ್ರನೆ ಏರಿ ಬಂತು, ಬಿಕ್ಕಳಿಕೆಯಂತೆ. ಅವಳು ಉಸಿರು ಬಿಗಿಹಿಡಿದು ಅದನ್ನು ಕೆಳಗೆ ನುಂಗಿದಳು. ನೂರಾರು ಹಂದಿಗಳ ನಡುವೆ ತನ್ನನ್ನು ನಿಲ್ಲಿಸಿ ನೋಡಲು ಪ್ರಯತ್ನಿಸಿದಳು. ಏನೂ ಕಾಣಲಿಲ್ಲ. ಹೆದರಿಕೆಯೂ ಕಾಣಲಿಲ್ಲ, ಧೈರ್ಯವೂ ಕಾಣಲಿಲ್ಲ. ಖಾಲಿ ಅಂಗಳವೊಂದು ಕಂಡಿತು, ಅಲ್ಲಿ ಅವಳ ಪರಿಚಯದವರು ಯಾರೂ ಇರಲಿಲ್ಲ.

‘ನನಗೆ ಗೊತ್ತಿಲ್ಲ ಮೇಡಂ’ ಎಂದಳು.

‘ಹಾಗಾದರೆ ಹೋಗಿ ನೋಡು’ ಎಂದರು ಇಂದೂ ಮೇಡಂ, ಮತ್ತು ಫೋನಿಟ್ಟರು.

ಶೈಲಾ ಮನೆಯವರಿಗೆ ಹಂದಿಯ ಸಂಗತಿ ಹೇಳಿದಳು. ಅಜ್ಜಿ ಎರಡು ಸಲ ‘ಶಿವಾ’ ಅಂದಳು. ಅಪ್ಪ ಕಪ್ಪನ್ನು ಕೆಳಗಿಟ್ಟ. ಅವನ ಹುಬ್ಬು ಆಗಲೇ ಕೂಡಿಕೊಂಡಿತ್ತು. ‘ನೋಡೂಣು. ಊರಾಗ ಕೇಳಿದರ ರೈತರ ಮನಿ ಅನ್ನೂಣು. ಭಾಳ ದೊಡ್ಡ ರೈತರು. ದನಾ ಕರಾ ಅದಾವ...’

‘ಹಂದಿ ಅನ್ರಿ’ ಅಂದಳು ಅವ್ವ.

‘ಅಲ್ಲ, ಬೀಗರ ಮುಂದ...’

‘ಹಂದಿ ಅಂದ್ರ ಹಂದಿ. ಅನ್ರಿ ನೋಡೂಣು.’

ಅಪ್ಪ, ಬಾಗಿಲಾಚೆ ಯಾರಿಗೂ ಕೇಳಿಸಬಾರದೆಂಬಂತೆ, ಸಣ್ಣ ದನಿಯಲ್ಲಿ ‘ಹಂದಿ’ ಅಂದ. ಶೈಲಾಗೆ ನಗು ಬಂತು. ತಡೆಯಲು ಹೋದಷ್ಟೂ ಉಕ್ಕಿ, ಅವಳು ಹೊಟ್ಟೆ ಹಿಡಿದುಕೊಂಡು ಫರಸಿಯ ಮೇಲೆ ಕೂತೇಬಿಟ್ಟಳು. ನಗುತ್ತಿರುವಾಗಲೇ ತನ್ನ ಮೊಣಕಾಲುಗಳು ತಟತಟನೆ ನಡುಗುತ್ತಿರುವುದು ಅವಳ ಗಮನಕ್ಕೆ ಬಂತು. ಯಾರಿಗೂ ಕಾಣದಂತೆ ಅವುಗಳನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ಅವ್ವನಿಗೆ ಕಂಡಿತು.